ಸೈಟಿನ ವೇಸ್ಟ್ ಕಸದ ರಾಶಿಯಲ್ಲಿ ಇರುವುದಿಲ್ಲ

ನಮ್ಮ ಸೈಟುಗಳಿಗೆ ಆಗಾಗ ಎಂ.ಟೆಕ್. ಓದುವ ಮಕ್ಕಳು ಬರುತ್ತಾರೆ. ಕೈಯಲ್ಲೊಂದು ಪ್ರಶ್ನಾವಳಿ ಇರುತ್ತದೆ. ಕಟ್ಟಡ ಕೆಲಸದಲ್ಲಿ ಸಾಮಾನು ವೇಸ್ಟ್ ಆಗಲು ಏನೇನು ಕಾರಣ ಅಂತ ಉದ್ದ ಪಟ್ಟಿ. ಡಿಸೈನ್ ಬದಲಾವಣೆ, ಕೆಲಸಗಾರರ ಅಜಾಗ್ರತೆ, ತಪ್ಪು ಆರ್ಡರ್, ಮಳೆ, ಕಳ್ಳತನ. ಪ್ರತಿ ಸಾಲಿಗೂ 1ರಿಂದ 5ರ ತನಕ ಅಂಕ ಕೊಡಬೇಕು. ಎಲ್ಲರ ಅಂಕ ಕೂಡಿಸಿ, ಎಲ್ಲರೂ 5 ಕೊಟ್ಟಿದ್ದರೆ ಎಷ್ಟಾಗುತ್ತಿತ್ತೋ ಅದರಿಂದ ಭಾಗಿಸುತ್ತಾರೆ. ಸೊನ್ನೆ ಮತ್ತು ಒಂದರ ನಡುವೆ ಒಂದು ಸಂಖ್ಯೆ ಬರುತ್ತದೆ. ಆರ್‌ಐಐ, ಅಂದರೆ ರಿಲೇಟಿವ್ ಇಂಪಾರ್ಟೆನ್ಸ್ ಇಂಡೆಕ್ಸ್ ಅಂತ ಅದಕ್ಕೆ ಹೆಸರು. ಅದರ ಪ್ರಕಾರ ಕಾರಣಗಳಿಗೆ ರ‍್ಯಾಂಕ್ ಕೊಟ್ಟರೆ ಪ್ರಬಂಧದ ಒಂದು ಅಧ್ಯಾಯ ಮುಗಿಯಿತು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ನಡುವೆ ಮನೆ ಕಟ್ಟಿಸುವ ಸೈಟ್ ಎಂಜಿನಿಯರ್. ಇಂಥ ಪಟ್ಟಿ ಸಾಕಷ್ಟು ತುಂಬಿಸಿದ್ದೇನೆ. ಒಂದು ವಿಷಯ ಮಾತ್ರ ಹೇಳಬಲ್ಲೆ. ಎಂಜಿನಿಯರು ಕೆಲಸಗಾರರ ಸಾಲಿಗೆ 5 ಹಾಕುತ್ತಾರೆ. ಮೇಸ್ತ್ರಿ ಡ್ರಾಯಿಂಗ್ ಸಾಲಿಗೆ 5 ಹಾಕುತ್ತಾರೆ. ಮನೆ ಮಾಲೀಕರನ್ನು ಕೇಳಿದರೆ ಕಂಟ್ರಾಕ್ಟರ್ ಸಾಲಿಗೆ 5. ಹಾಗಾಗಿ ಈ ಲೆಕ್ಕದಿಂದ ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಚೆನ್ನಾಗಿ ಗೊತ್ತಾಗುತ್ತದೆ. ಸಿಮೆಂಟ್ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ಒಮ್ಮೆ ಬಂದ ಹುಡುಗಿ ಮಾತ್ರ ಬೇರೆ ತರ ಇದ್ದಳು. ಫಾರಂ ತುಂಬಿಸಿಕೊಂಡ ಮೇಲೆ, "ಸರ್, ನಾನು ಇಲ್ಲೇ ಇದ್ದು ತೂಕ ಮಾಡಬಹುದಾ?" ಅಂತ ಕೇಳಿದಳು. ಪಕ್ಕದ ಅಡಿಕೆ ವ್ಯಾಪಾರಿಯ ತಕ್ಕಡಿ ತಂದುಕೊಟ್ಟೆವು. ಕಂಬಿಯ ತುಂಡುಗಳನ್ನು ತೂಗಿದಳು. ಒಡೆದ ಕೆಂಪುಕಲ್ಲನ್ನು ಬುಟ್ಟಿಯಲ್ಲಿ ಅಳೆದಳು. ಸಾರಣೆ (ಪ್ಲಾಸ್ಟರಿಂಗ್) ಆಗುತ್ತಿರುವ ಗೋಡೆಗೆ ಹಸಿ ಇರುವಾಗಲೇ ಮೊಳೆ ಚುಚ್ಚಿ ಎಷ್ಟು ದಪ್ಪ ಇದೆ ಅಂತ ಬರೆದುಕೊಂಡಳು. ಮೇಸ್ತ್ರಿಗೆ ಈ ಮೊಳೆ ವಿಷಯ ಚೂರೂ ಇಷ್ಟವಾಗಲಿಲ್ಲ. ಆದರೆ ಇಡೀ ಸೈಟಿನಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಮೊಳೆಯೇ.

ವೇಸ್ಟಿನ ವಿಷಯ ಬಂದರೆ ನಾವೆಲ್ಲ ಕಸದ ರಾಶಿ ನೋಡುತ್ತೇವೆ. ಮೂಲೆಯಲ್ಲಿ ಬಿದ್ದ ಕಲ್ಲಿನ ಚೂರು, ಗಟ್ಟಿಯಾದ ಸಿಮೆಂಟ್ ಚೀಲ, ಮುರಿದ ಟೈಲ್ಸ್. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಸ್ಕೊಯ್ಲ್ಸ್ ಎನ್ನುವ ಸಂಶೋಧಕರು ಸೈಟುಗಳಲ್ಲಿ ಸಾಮಾನು ಹೇಗೆ ಹಾಳಾಗುತ್ತದೆ ಅಂತ ಅಭ್ಯಾಸ ಮಾಡಿ ವೇಸ್ಟನ್ನು ಎರಡಾಗಿ ವಿಂಗಡಿಸಿದರು. ಒಂದು ನೇರ ನಷ್ಟ, ಅಂದರೆ ಒಡೆದು, ಚೆಲ್ಲಿ, ಕಸವಾಗಿ ಹೊರಗೆ ಹೋಗುವುದು. ಇನ್ನೊಂದು ಕಟ್ಟಡದ ಒಳಗೇ ಉಳಿಯುವ ನಷ್ಟ. ಸಾಮಾನು ಬಳಕೆಯಾಗಿದೆ, ಆದರೆ ಬೇಕಾದ್ದಕ್ಕಿಂತ ಜಾಸ್ತಿ. ಬ್ರೆಜಿಲ್‌ನಲ್ಲಿ ಕಾರ್ಲೋಸ್ ಫೊರ್ಮೊಸೊ, ಲುಸಿಯೊ ಸೊಯ್ಬೆಲ್ಮನ್ ಮೊದಲಾದವರು 1990ರ ದಶಕದಲ್ಲಿ ಸೈಟಿಗೇ ಹೋಗಿ ಅಳೆದಾಗಲೂ ಇದೇ ಕಂಡಿತು. ಕಂಪನಿಗಳು ಎಸ್ಟಿಮೇಟಿನಲ್ಲಿ ವೇಸ್ಟ್ ಅಂತ ಹಿಡಿದುಕೊಂಡದ್ದಕ್ಕಿಂತ ನಿಜವಾದ ನಷ್ಟ ತುಂಬಾ ಜಾಸ್ತಿ ಇತ್ತು. ಅದರಲ್ಲಿ ದೊಡ್ಡ ಪಾಲು ಕಣ್ಣಿಗೆ ಬೀಳುವ ಕಸವಾಗಿರಲಿಲ್ಲ.

ಇದನ್ನು ನಮ್ಮ ಕೆಂಪುಕಲ್ಲಿನ ಗೋಡೆಗೆ ಹೊಂದಿಸಿ ನೋಡಿ.

ಕಾಸರಗೋಡಿನಲ್ಲಿ ಇವತ್ತಿಗೂ ಹೆಚ್ಚಿನ ಮನೆ ಮುರಕಲ್ಲಿನದ್ದೇ, ಅಂದರೆ ಈ ಕೆಂಪುಕಲ್ಲಿನದ್ದೇ. ಕೋರೆಯಿಂದ ಬರುವ ಎಲ್ಲ ಕಲ್ಲೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಮೆಷಿನ್ನಿನಲ್ಲಿ ಕೊಯ್ದದ್ದು ಸುಮಾರು ಸರಿ ಇರುತ್ತದೆ, ಆದರೂ ಕೋರೆಯಿಂದ ಕೋರೆಗೆ ವ್ಯತ್ಯಾಸ ಇದ್ದೇ ಇದೆ. ಮೇಸ್ತ್ರಿ ನೂಲು ಹಿಡಿಯುವುದು ಗೋಡೆಯ ಒಂದು ಬದಿಗೆ. ಆ ಬದಿ ಚೆಂದ ಬರುತ್ತದೆ. ಕಲ್ಲಿನ ಏರುಪೇರು ಎಲ್ಲವೂ ಇನ್ನೊಂದು ಬದಿಗೆ ಹೋಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ಮನೆಯ ಒಳಬದಿ. ಸಾರಣೆ ಮಾಡುವವರು ಬಂದು ಅದೇ ಗೋಡೆಯನ್ನು ಗಾರೆಯಿಂದ ನೇರ ಮಾಡುತ್ತಾರೆ. ಕೇಂದ್ರ ಸರ್ಕಾರದ ಲೋಕೋಪಯೋಗಿ ಇಲಾಖೆಯ (ಸಿಪಿಡಬ್ಲ್ಯುಡಿ) ಲೆಕ್ಕದಲ್ಲಿ ನಯವಾದ ಬದಿಗೆ 12 ಮಿ.ಮೀ., ಒರಟು ಬದಿಗೆ 15 ಮಿ.ಮೀ. ಸಾರಣೆ. ಆ ಹುಡುಗಿಯ ಮೊಳೆ 20 ದಾಟುತ್ತಿತ್ತು. ಕೆಲವು ಕಡೆ ಅದಕ್ಕಿಂತಲೂ ಒಳಗೆ ಹೋಗುತ್ತಿತ್ತು.

ಲೆಕ್ಕ ಹಾಕೋಣ. 100 ಚದರ ಮೀಟರ್ ಗೋಡೆಗೆ 12 ಮಿ.ಮೀ. ಸಾರಣೆ ಅಂದರೆ 1.2 ಘನ ಮೀಟರ್ ಹಸಿ ಗಾರೆ. ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳಿನ 1:5 ಮಿಶ್ರಣಕ್ಕೆ ಸುಮಾರು 8 ಚೀಲ ಸಿಮೆಂಟ್ ಬೇಕು. ಅದೇ 20 ಮಿ.ಮೀ. ಆದರೆ 2 ಘನ ಮೀಟರ್ ಗಾರೆ, ಸುಮಾರು 13 ಚೀಲ. 5 ಚೀಲ ವ್ಯತ್ಯಾಸ. ಜೊತೆಗೆ 30 ಘನ ಅಡಿ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು. ಒಂದು ಸಾಧಾರಣ ಮನೆಯಲ್ಲಿ ಒಳಗಿನ ಸಾರಣೆ 400 ಚದರ ಮೀಟರ್ ಬಂದರೆ 20 ಚೀಲ ಸಿಮೆಂಟ್ ಗೋಡೆಯಲ್ಲಿ ಸುಮ್ನೆ ಕೂತಿದೆ ಅಂತ ಅರ್ಥ. ಗುಡಿಸಿದರೆ ಸಿಗುವುದಿಲ್ಲ. ಬಿಲ್ಲಿನಲ್ಲಿ ತಪ್ಪಿಲ್ಲ. ಯಾರೂ ಕದ್ದಿಲ್ಲ. ಮಾಲೀಕರು ಗೋಡೆ ತಟ್ಟಿ ನೋಡಿ "ಗಟ್ಟಿ ಉಂಟು" ಅಂತ ಖುಷಿಪಡುತ್ತಾರೆ.

ಸ್ಲಾಬಿನಲ್ಲಿಯೂ ಇದೇ ಕಥೆ. 100 ಮಿ.ಮೀ. ದಪ್ಪದ ಸ್ಲಾಬ್ ಅಂತ ಡ್ರಾಯಿಂಗಿನಲ್ಲಿದೆ. ಕಾಂಕ್ರೀಟಿನ ಅಡಿಗೆ ಕೊಡುವ ಸೆಂಟ್ರಿಂಗ್ ಹಲಗೆ ಅಲ್ಲಲ್ಲಿ ತಗ್ಗಿದರೆ ಮೇಲ್ಮೈ ನೇರ ಮಾಡುವಾಗ 110 ಆಗುತ್ತದೆ. 100 ಚದರ ಮೀಟರಿಗೆ ಒಂದು ಘನ ಮೀಟರ್ ಕಾಂಕ್ರೀಟ್ ಹೆಚ್ಚು ಹೋಯಿತು. ಸಂಜೆ, ಪ್ಲಾಂಟಿನಲ್ಲೇ ಕಲಸಿ ಬರುವ ರೆಡಿಮಿಕ್ಸ್ ಕಾಂಕ್ರೀಟ್ ಕಡಿಮೆ ಬಿತ್ತು ಅಂತ ಎಲ್ಲರೂ ಪ್ಲಾಂಟಿನವರನ್ನು ಬೈಯುತ್ತಾರೆ. ತೀರಾ ಕೆಲವೊಮ್ಮೆ ಅದು ನಿಜವೂ ಹೌದು, ಆದರೆ ಮೊದಲು ಹಲಗೆಯ ಲೆವೆಲ್ ನೋಡಬೇಕು.

ಈಗ ಕಂಬಿಯ ವಿಷಯ. ಇದರಲ್ಲಿ ಲೆಕ್ಕ ತುಂಬಾ ಖಚಿತ. ಹಾಗಾಗಿ ಯಾವ ತೀರ್ಮಾನಕ್ಕೆ ಎಷ್ಟು ಬೆಲೆ ಅಂತ ಸ್ಪಷ್ಟವಾಗಿ ಕಾಣುತ್ತದೆ.

ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. ಒಂದು ರೂಮಿನ ಸ್ಲಾಬಿಗೆ 3.95 ಮೀಟರಿನ 10 ಎಂ.ಎಂ. ತುಂಡು 60 ಬೇಕು ಅಂತ ಇಟ್ಟುಕೊಳ್ಳಿ. ಒಂದು ಕಂಬಿಯಲ್ಲಿ ಮೂರು ತುಂಡು ಸರಿಯಾಗಿ ಬರುತ್ತದೆ. ಉಳಿಯುವುದು ಒಂದು ಗೇಣಿನಷ್ಟೂ ಇಲ್ಲ, 15 ಸೆಂಟಿಮೀಟರ್. 20 ಕಂಬಿ ಸಾಕು. ಈಗ ಅಬುಧಾಬಿಯಲ್ಲಿರುವ ಮಾಲೀಕರ ಫೋನ್ ಬರುತ್ತದೆ. "ಆ ಬೆಡ್‌ರೂಮ್ ಅರ್ಧ ಅಡಿ ದೊಡ್ಡದು ಮಾಡಲು ಆಗ್ತದಾ? ಕಪಾಟು ಇಡಬೇಕು." ಆಗುತ್ತದೆ, ಗೋಡೆ ಇನ್ನೂ ಎದ್ದಿಲ್ಲ. ತುಂಡಿನ ಉದ್ದ 4.10 ಆಗುತ್ತದೆ. ಮೂರು ತುಂಡಿಗೆ 12.30 ಬೇಕು. ಕಂಬಿ ಇರುವುದೇ 12. ಹಾಗಾಗಿ ಒಂದು ಕಂಬಿಗೆ ಎರಡೇ ತುಂಡು. 20 ಕಂಬಿ ಸಾಕಿದ್ದ ಕಡೆ 30 ಬೇಕಾಯಿತು. 10 ಎಂ.ಎಂ. ಕಂಬಿ ಒಂದಕ್ಕೆ 7.4 ಕೆ.ಜಿ. ಅಂದರೆ 74 ಕೆ.ಜಿ. ಹೆಚ್ಚು ಖರೀದಿ. ಸ್ಲಾಬಿನೊಳಗೆ ನಿಜವಾಗಿ ಹೆಚ್ಚು ಹೋದ ಕಬ್ಬಿಣ ಎಷ್ಟು? 60 ತುಂಡಿಗೆ 15 ಸೆಂಟಿಮೀಟರಿನಂತೆ 9 ಮೀಟರ್, ಐದೂವರೆ ಕೆ.ಜಿ. ಉಳಿದದ್ದೆಲ್ಲ 3.80 ಮೀಟರಿನ 30 ತುಂಡುಗಳಾಗಿ ತೆಂಗಿನಮರದ ಬುಡದಲ್ಲಿ ಬಿದ್ದಿದೆ.

ಆ 30 ತುಂಡು ವೇಸ್ಟಾ? ಅದು ಮುಂದಿನ ತೀರ್ಮಾನದ ಮೇಲೆ ನಿಂತಿದೆ. ಬಾತ್‌ರೂಮಿನ ಸ್ಲಾಬಿಗೆ 1.80 ಮೀಟರಿನ ತುಂಡು ಬೇಕಿದ್ದರೆ ಒಂದು 3.80ರಲ್ಲಿ ಎರಡು ಬರುತ್ತದೆ. ಸನ್‌ಶೇಡಿಗೆ, ಲಿಂಟಲ್ಲಿಗೆ, ಮೆಟ್ಟಿಲಿಗೆ ಬಳಸಬಹುದು. ಆದರೆ ಕಂಬಿ ಕತ್ತರಿಸಿ ಬಗ್ಗಿಸುವ ಬಾರ್ ಬೆಂಡರ್ ಬಾತ್‌ರೂಮಿನ ಕಂಬಿಯನ್ನು ಮೊನ್ನೆಯೇ ಹೊಸ ಕಂಬಿಯಿಂದ ಕತ್ತರಿಸಿ ಇಟ್ಟಿದ್ದರೆ? ಸಣ್ಣ ಕೆಲಸ ಅಂತ ಅದನ್ನೇ ಮೊದಲು ಮುಗಿಸುವುದು ರೂಢಿ. ಆಗ ಈ ತುಂಡುಗಳಿಗೆ ಹೋಗಲು ಜಾಗವೇ ಇಲ್ಲ. ಅದಕ್ಕೆ ನಮ್ಮ ಸೈಟಿನಲ್ಲಿ ಉದ್ದದ ತುಂಡು ಮೊದಲು, ಸಣ್ಣದು ಕೊನೆಗೆ, ಅದೂ ಉಳಿದದ್ದರಿಂದ ಅಂತ ನಿಯಮ ಮಾಡಿದ್ದೇವೆ. ಇದಕ್ಕೆ ಯಾವ ಆಪ್ ಕೂಡ ಬೇಡ.

ಆಪ್ ಇಲ್ಲ ಅಂತಲ್ಲ. ಬೇಕಾದ ಉದ್ದಗಳನ್ನು ಕೊಟ್ಟರೆ ಯಾವ ಕಂಬಿಯಿಂದ ಯಾವ ತುಂಡು ತೆಗೆಯಬೇಕು ಅಂತ ಹೇಳುವ ಪ್ರೋಗ್ರಾಂಗಳು ಮೊಬೈಲಿನಲ್ಲೇ ಸಿಗುತ್ತವೆ. ಇದರ ಹಿಂದಿನ ಗಣಿತ ಹಳೆಯದು. ರಷ್ಯಾದ ಲಿಯೊನಿಡ್ ಕಾಂಟೊರೊವಿಚ್ ಪ್ಲೈವುಡ್ ಉದ್ಯಮದವರು ತಂದ ಒಂದು ಪ್ರಶ್ನೆಯಿಂದ ಶುರು ಮಾಡಿ 1939ರಲ್ಲಿ ಇಂಥ ಲೆಕ್ಕಗಳಿಗೆ ದಾರಿ ತೋರಿಸಿದರು. ಮುಂದೆ 1975ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಐಬಿಎಂನಲ್ಲಿದ್ದ ಗಿಲ್‌ಮೋರ್ ಮತ್ತು ಗೊಮೊರಿ 1961ರಲ್ಲಿ ಇದನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಒಳ್ಳೆಯ ವಿಧಾನ ಕೊಟ್ಟರು. ನಮ್ಮ ಬಾರ್ ಬೆಂಡರಿಗೆ ಇವರ ಹೆಸರು ಗೊತ್ತಿಲ್ಲ. ಸುಣ್ಣದ ತುಂಡಿನಿಂದ ನೆಲದ ಮೇಲೆ ಗೀಟು ಹಾಕಿ ಹೆಚ್ಚುಕಡಿಮೆ ಅದೇ ಉತ್ತರ ತೆಗೆಯುತ್ತಾರೆ. ಒಂದು ಮನೆಯ ಮಟ್ಟಿಗೆ ಆಪ್‌ಗೂ ಅವರ ತಲೆಗೂ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ.

ಇಬ್ಬರಿಗೂ ಬೇಕಾದದ್ದು ಒಂದೇ. ಎಲ್ಲ ಉದ್ದಗಳೂ ಒಟ್ಟಿಗೆ, ಮೊದಲೇ ಗೊತ್ತಿರಬೇಕು. ಅದು ಸಿಗುವುದಿಲ್ಲ. ಮೆಟ್ಟಿಲು ಒಳಗಾ ಹೊರಗಾ ಅಂತ ತೀರ್ಮಾನ ಆಗಿಲ್ಲ. ಅಡುಗೆಮನೆಯ ಹಿಂದೆ ಕೆಲಸದ ಕೋಣೆ ಬೇಕಾ ಅಂತ ಇನ್ನೂ ಯೋಚಿಸುತ್ತಿದ್ದಾರೆ. ಅರ್ಧ ಪಟ್ಟಿ ಕೊಟ್ಟರೆ ಕಾಂಟೊರೊವಿಚ್ ಬಂದರೂ ಅರ್ಧ ಉತ್ತರವೇ ಕೊಡುತ್ತಾರೆ.

ತಂತ್ರಜ್ಞಾನದ ಬಗ್ಗೆ ನನ್ನ ತಕರಾರು ಇಲ್ಲಿಂದ ಶುರು. ನಮ್ಮ ಊರಿನ ಕಟ್ಟಡ ಕೆಲಸವನ್ನು ನಿಜವಾಗಿ ಬದಲಾಯಿಸಿದ್ದು ಡ್ರೋನೂ ಅಲ್ಲ, ತ್ರೀಡಿ ಮಾಡೆಲ್ಲೂ ಅಲ್ಲ. ವಾಟ್ಸಾಪ್. ಕಾಸರಗೋಡಿನಲ್ಲಿ ಹಣ ಹಾಕುವವರು ಎಷ್ಟೋ ಸಲ ಗಲ್ಫಿನಲ್ಲಿರುತ್ತಾರೆ. ಮೊದಲೆಲ್ಲ ಅವರು ರಜೆಗೆ ಬಂದಾಗ ಸೈಟ್ ನೋಡಿ ಹೇಳಬೇಕಿತ್ತು. ನಡುವೆ ಬದಲಾವಣೆ ಕೇಳುವುದೇ ಕಷ್ಟ. ಈಗ ಪ್ರತಿ ಸಂಜೆ ಸೈಟಿನ ಫೋಟೊ ಹೋಗುತ್ತದೆ, ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜ್ ಬರುತ್ತದೆ. ಬದಲಾವಣೆ ಕೇಳುವ ಖರ್ಚು ಸೊನ್ನೆಯಾಯಿತು. ಬದಲಾವಣೆ ಮಾಡುವ ಖರ್ಚು ಅಷ್ಟೇ ಇದೆ. ಎದ್ದ ಗೋಡೆಯಲ್ಲಿ ಕಿಟಕಿ ಒಂದಡಿ ಸರಿಸಲು ಇವತ್ತೂ ಅಷ್ಟೇ ಉಳಿಪೆಟ್ಟು ಬೇಕು. ಆದರೂ ವಾಟ್ಸಾಪ್ ಬೇಡ ಅನ್ನಲು ನಾನು ತಯಾರಿಲ್ಲ. ಪಂಚಾಂಗದ (ಅಡಿಪಾಯದ) ಮಣ್ಣು ಸರಿಯಾಗಿ ಗಟ್ಟಿಯಾಗಿದೆಯಾ, ಕಂಬಿಯ ಕೆಳಗೆ ಅದನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಟ್ಟಿದ್ದಾರಾ ಅಂತ ಫೋಟೊದಲ್ಲಿ ದಾಖಲೆ ಉಳಿಯುತ್ತದಲ್ಲ, ಅದು ದೊಡ್ಡ ಉಪಕಾರ.

ಇನ್ನೊಂದು ತೊಂದರೆ ಡ್ರಾಯಿಂಗಿನದ್ದು. ಗ್ರೂಪಿನಲ್ಲಿ 'ಫೈನಲ್' ಅಂತ ಒಂದು ಪಿಡಿಎಫ್, ನಾಲ್ಕು ದಿನ ಬಿಟ್ಟು 'ಫೈನಲ್ 2', ಆಮೇಲೆ 'ಲಾಸ್ಟ್ ಫೈನಲ್'. ಮೇಸ್ತ್ರಿಯ ಫೋನಿನಲ್ಲಿ ಮೊದಲನೆಯದ್ದು ತೆರೆದಿರುತ್ತದೆ, ಎಲೆಕ್ಟ್ರಿಷಿಯನ್ ಹತ್ತಿರ ಮೂರನೆಯದ್ದು. ಇದಕ್ಕೆ ನಾವು ಕಂಡುಕೊಂಡ ಪರಿಹಾರ ಹಳೇಕಾಲದ್ದು. ಸಿಮೆಂಟ್ ಶೆಡ್ಡಿನ ಬಾಗಿಲಿಗೆ ಪ್ರಿಂಟ್ ಹಾಕಿದ ಒಂದೇ ಡ್ರಾಯಿಂಗ್ ಅಂಟಿಸುತ್ತೇವೆ. ತಾರೀಕು ದಪ್ಪಕ್ಷರದಲ್ಲಿ ಬರೆಯುತ್ತೇವೆ. ಹೊಸದು ಬಂದ ದಿನ ಹಳೆಯದನ್ನು ಎಲ್ಲರ ಎದುರು ಹರಿಯುತ್ತೇವೆ. ಬಾಗಿಲಲ್ಲಿ ಇಲ್ಲದ್ದು ಡ್ರಾಯಿಂಗೇ ಅಲ್ಲ. ಕೇರಳ ಸರ್ಕಾರದ ಕೆ-ಸ್ಮಾರ್ಟ್ ಪೋರ್ಟಲ್ ಬಂದ ಮೇಲೆ ಪಂಚಾಯತಿನ ಪರ್ಮಿಟ್ ಕೂಡ ಆನ್‌ಲೈನ್ ಆಗಿದೆ. ಅದರಿಂದ ಓಡಾಟ ಕಡಿಮೆಯಾಗಿದೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಪರ್ಮಿಟಿಗೆ ಕೊಟ್ಟ ಪ್ಲಾನ್ ಬೇರೆ, ಮನೆಯವರ ಮನಸ್ಸಿನಲ್ಲಿರುವ ಪ್ಲಾನ್ ಬೇರೆ ಆಗಿರುವುದನ್ನು ಯಾವ ಪೋರ್ಟಲ್ಲೂ ಹಿಡಿಯುವುದಿಲ್ಲ.

ಹಾಗಾದರೆ ತೀರ್ಮಾನ ತೆಗೆದುಕೊಳ್ಳಬೇಕಾದವರು ಯಾರು? ಹಣ ಕಳಿಸುವವರು ಅಂತ ನಾವು ಸಲೀಸಾಗಿ ಅಂದುಕೊಳ್ಳುತ್ತೇವೆ. ಮನೆಯಲ್ಲಿ ಬದುಕುವವರು ಬೇರೆ. ಕಲ್ಲು ಇಡುವವರು ಮತ್ತೂ ಬೇರೆ. ಭಾಷೆಯೂ ಅಷ್ಟೇ. ಮಾಲೀಕರು ಬ್ಯಾರಿಯಲ್ಲೋ ಮಲೆಯಾಳದಲ್ಲೋ ಮಾತಾಡುತ್ತಾರೆ. ಅವರ ಪಕ್ಕದ ಮನೆಯವರು ತುಳು. ಮೇಸ್ತ್ರಿ ಕನ್ನಡ, ತುಳು ಎರಡೂ. ಗಾರೆ ಕಲಸುವ ಹುಡುಗರು ಬಂಗಾಳದವರು, ಅವರ ಜೊತೆ ಹಿಂದಿ. ಡ್ರಾಯಿಂಗ್ ಇಂಗ್ಲಿಷಿನಲ್ಲಿ. ನಮ್ಮ ಊರಿಗೆ ಇದು ಹೊಸದೇನಲ್ಲ, ಏಳು ಭಾಷೆಯ ನೆಲ ಅಂತ ಹೆಮ್ಮೆಪಡುತ್ತೇವೆ. ಆದರೆ ಒಂದು ಸ್ವಿಚ್‌ಬೋರ್ಡಿನ ಜಾಗ ಇಷ್ಟು ಬಾಯಿ ದಾಟಿ ಬರುವಾಗ ಒಂದೆರಡು ಅಡಿ ಅತ್ತಿತ್ತ ಆಗದಿದ್ದರೆ ಆಶ್ಚರ್ಯ.

ಸ್ವಿಚ್‌ಬೋರ್ಡನ್ನೇ ತೆಗೆದುಕೊಳ್ಳಿ. ಕೆಂಪುಕಲ್ಲಿನ ಗೋಡೆಯಲ್ಲಿ ಪೈಪಿಗೆ ಸಣ್ಣ ಕಾಲುವೆ ಕೊರೆಯುವುದು ದೂಳಿನ ಕೆಲಸ. ಕೋರೆಯಿಂದ ಬಂದ ಹೊಸತರಲ್ಲಿ ಕಲ್ಲು ಮೆತ್ತಗಿರುತ್ತದೆ, ಗಾಳಿ ತಾಗಿದ ಹಾಗೆ ಗಟ್ಟಿಯಾಗುತ್ತದೆ. ಸಾರಣೆ ಮುಗಿದ ಮೇಲೆ "ಬೋರ್ಡ್ ಆಚೆ ಬದಿಗೆ ಬೇಕಿತ್ತು" ಅಂದರೆ ಮತ್ತೆ ಕಟರ್, ಮತ್ತೆ ಉಳಿ, ಮತ್ತೆ ಗಾರೆ, ತೇಪೆ ಹಾಕಿದ ಜಾಗದಲ್ಲಿ ಪೇಂಟಿಗೆ ಮತ್ತೊಂದು ಕೋಟ್. ಹಳೆಯ ತೂತನ್ನು ಮುಚ್ಚಿದ ಗಾರೆ ಯಾವ ವೇಸ್ಟ್ ಲೆಕ್ಕದಲ್ಲೂ ಬರುವುದಿಲ್ಲ.

ಅದಕ್ಕೆ ಈಗ ಎಲೆಕ್ಟ್ರಿಷಿಯನ್ ಬರುವ ಮೊದಲು ಒಂದು ಕೆಲಸ ಮಾಡುತ್ತೇವೆ. ಚಾಕ್ ಹಿಡಿದು ನೆಲದ ಮೇಲೆ ಮಂಚ, ಸೋಫಾ, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲ ಪೂರ್ತಿ ಅಳತೆಯಲ್ಲಿ ಗೀಟು ಹಾಕುತ್ತೇವೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಕಮಾನು ಬರೆಯುತ್ತೇವೆ. ಗೋಡೆಯ ಮೇಲೆ ಬೋರ್ಡಿನ ಚೌಕ. ಆಮೇಲೆ ಮನೆಯ ಹೆಂಗಸರನ್ನು ಕರೆಯುತ್ತೇವೆ, ಗಲ್ಫಿನವರನ್ನು ವೀಡಿಯೊ ಕಾಲ್‌ನಲ್ಲಿ ಇಟ್ಟುಕೊಂಡು. ಒಂದು ಮನೆಯಲ್ಲಿ ಹಿರಿಯ ಅಜ್ಜಿಯೊಬ್ಬರು ಅಡುಗೆಮನೆಯ ಗೀಟಿನೊಳಗೆ ನಿಂತು, ಕೈ ಚಾಚಿ, "ಮಿಕ್ಸಿ ಇಲ್ಲಿ, ಸ್ವಿಚ್ ಅಲ್ಲಿ. ಒಲೆಯ ಮೇಲಿಂದ ಕೈ ಚಾಚಬೇಕಾ ನಾನು?" ಅಂದರು. ಪ್ಲಾನ್ ನೋಡಿದ ಯಾರಿಗೂ ಇದು ಹೊಳೆದಿರಲಿಲ್ಲ. ದುಬಾರಿ ತ್ರೀಡಿ ವಾಕ್‌ಥ್ರೂ ತೋರಿಸಿದ್ದ ಇನ್ನೊಂದು ಮನೆಯಲ್ಲಿ ಎಲ್ಲರೂ ಸೀಲಿಂಗಿನ ಲೈಟ್ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಪರದೆಯ ಮೇಲಿನ ಮನೆ ಚೆಂದ ಕಾಣುತ್ತದೆ, ನೆಲದ ಮೇಲಿನ ಗೀಟಿಗೆ ಮೈ ತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಆಸ್ಪತ್ರೆ, ಫ್ಲಾಟುಗಳಿಗೆ ಬಿಐಎಂ, ಅಂದರೆ ಇಡೀ ಕಟ್ಟಡದ ಕಂಪ್ಯೂಟರ್ ಮಾಡೆಲ್, ಬೇಕೇ ಬೇಕು. ಅಲ್ಲಿ ಎಸಿ ಡಕ್ಟೂ ಬೀಮೂ ಡಿಕ್ಕಿ ಹೊಡೆಯುವುದನ್ನು ಮೊದಲೇ ಹಿಡಿಯಬಹುದು. ಎರಡು ಅಂತಸ್ತಿನ ಮನೆಗೆ ಒಂದು ಪೆಟ್ಟಿಗೆ ಚಾಕ್ ಸಾಕು.

ಫಿನ್ಲೆಂಡಿನ ಲೌರಿ ಕೊಸ್ಕೆಲಾ 1992ರಲ್ಲಿ ಸ್ಟ್ಯಾನ್‌ಫೋರ್ಡಿನಲ್ಲಿದ್ದಾಗ ಒಂದು ವರದಿ ಬರೆದರು. ಕಾರ್ಖಾನೆಗಳು ಕಲಿತ ಹೊಸ ಉತ್ಪಾದನಾ ವಿಚಾರವನ್ನು ಕಟ್ಟಡ ಕೆಲಸಕ್ಕೆ ತರಬೇಕು ಅನ್ನುವುದು ಅದರ ವಾದ. ಲೀನ್ ಕನ್‌ಸ್ಟ್ರಕ್ಷನ್ ಅಂತ ಈಗ ಕರೆಯುವ ಚಿಂತನೆಗೆ ಅದು ಬುನಾದಿ. ಟೊಯೊಟಾದ ತೈಚಿ ಓನೊ ಏಳು ಬಗೆಯ ವೇಸ್ಟ್ ಪಟ್ಟಿ ಮಾಡಿದ್ದರಲ್ಲ, ಕೊಸ್ಕೆಲಾ 2004ರಲ್ಲಿ ಅದಕ್ಕೆ ಎಂಟನೆಯದ್ದು ಸೇರಿಸಿದರು. ಬೇಕಾದ ಎಲ್ಲವೂ ಕೈಗೆ ಬರುವ ಮೊದಲೇ ಕೆಲಸ ಶುರು ಮಾಡುವುದೇ ಆ ಎಂಟನೆಯ ವೇಸ್ಟ್. ಓದಿದಾಗ ನಮ್ಮ ಸೈಟ್ ನೋಡಿಯೇ ಬರೆದಂತಿತ್ತು. ಕಿಟಕಿಯ ದಾರಂದ (ಚೌಕಟ್ಟು) ಬಂದಿರುವುದಿಲ್ಲ, ಆದರೆ ಮೇಸ್ತ್ರಿ ಬಂದಾಗಿದೆ, ಕೂಲಿ ಸುಮ್ನೆ ಹೋಗುತ್ತದೆ. ಹಾಗಾಗಿ ಅಂದಾಜಿನಲ್ಲಿ ಜಾಗ ಬಿಟ್ಟು ಗೋಡೆ ಎಬ್ಬಿಸುತ್ತಾರೆ. ಆಮೇಲೆ ದಾರಂದ ಎರಡು ಇಂಚು ದೊಡ್ಡದು ಬಂದರೆ ಕಲ್ಲು ಕೆತ್ತುವುದು, ಸಣ್ಣದು ಬಂದರೆ ಸಂದಿಗೆ ಕಾಂಕ್ರೀಟ್ ತುಂಬುವುದು. ಒಂದು ದಿನದ ಕೂಲಿ ಉಳಿಸಲು ಹೋಗಿ ಎರಡು ದಿನದ ಕೂಲಿ ಮತ್ತು ಸಾಮಾನು.

ಇದಕ್ಕೆ ಗ್ಲೆನ್ ಬಲ್ಲಾರ್ಡ್ ಅಮೆರಿಕದಲ್ಲಿ ರೂಪಿಸಿದ ಲಾಸ್ಟ್ ಪ್ಲಾನರ್ ವಿಧಾನ ಒಂದು ಮದ್ದು. ಆಫೀಸಿನಲ್ಲಿ ಕೂತವರು ಚಾರ್ಟ್ ಹಾಕುವುದಲ್ಲ, ಕೆಲಸ ಮಾಡಿಸುವ ಕೊನೆಯ ಮನುಷ್ಯನೇ ಮುಂದಿನ ವಾರ ಏನು ಮಾಡುತ್ತೇನೆ ಅಂತ ಮಾತು ಕೊಡಬೇಕು. ವಾರದ ಕೊನೆಗೆ ಕೊಟ್ಟ ಮಾತಿನಲ್ಲಿ ಎಷ್ಟು ಪಾಲು ಆಯಿತು ಅಂತ ಲೆಕ್ಕ. ಅವರು ಶುರುವಿನಲ್ಲಿ ಅಳೆದ ಸೈಟುಗಳಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು ಅಷ್ಟೆ. ನಾವಿಲ್ಲಿ ಶನಿವಾರ ಬಟವಾಡೆ ಆಗುವಾಗ ಇದನ್ನು ಮಾಡುತ್ತೇವೆ. ಎಲ್ಲರೂ ಹೇಗೂ ಇರುತ್ತಾರೆ. ಶೇಕಡಾವಾರು ಲೆಕ್ಕವನ್ನು ನಾನು ಬಿಟ್ಟೇಬಿಟ್ಟೆ. ನನಗೆ ಬೇಕಾದ್ದು ಆಗದ ಕೆಲಸದ ಎದುರು ಬರೆಯುವ ಕಾರಣ. ಅಲ್ಲಿ 'ಕೆಲಸದವರು ಸರಿಯಿಲ್ಲ' ಅನ್ನುವುದು ಅಪರೂಪ. 'ಟೈಲ್ಸ್ ಯಾವುದು ಅಂತ ಹೇಳಿಲ್ಲ', 'ಪ್ಲಂಬರ್ ಪಾಯಿಂಟ್ ಕೊಟ್ಟಿಲ್ಲ', 'ದಾರಂದ ಬಂದಿಲ್ಲ', ಇಂಥವೇ ಜಾಸ್ತಿ. ಪ್ರಶ್ನಾವಳಿಯಲ್ಲಿ ಕೆಲಸಗಾರರಿಗೆ 5 ಹಾಕುವ ಎಂಜಿನಿಯರುಗಳು ಈ ನೋಟ್‌ಬುಕ್ ಒಮ್ಮೆ ಓದಬೇಕು.

ಮಳೆಯ ಬಗ್ಗೆ ಹೇಳದಿದ್ದರೆ ಇದು ಕಾಸರಗೋಡಿನ ಬರಹವೇ ಅಲ್ಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇ ಕೊನೆಯ ಪತ್ತನಾಜೆ ಹತ್ತಿರ ಬರುವಾಗ ಎಲ್ಲರಿಗೂ ಗಾಬರಿ. ಕೋರೆಯಲ್ಲಿ ನೀರು ನಿಂತರೆ ಕಲ್ಲು ಸಿಗದು ಅಂತ ಮೊದಲೇ ತರಿಸುತ್ತಾರೆ. ಅದು ಸರಿ, ಕಲ್ಲು ಮಳೆಗೆ ಕೂತರೆ ಏನೂ ಆಗುವುದಿಲ್ಲ. ಅದೇ ಗಾಬರಿಯಲ್ಲಿ ಸಿಮೆಂಟನ್ನೂ ತರಿಸುತ್ತಾರೆ. ಮೂರು ತಿಂಗಳು ಇಟ್ಟ ಸಿಮೆಂಟಿನ ಬಲ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ ಅಂತ ಪಠ್ಯಪುಸ್ತಕದಲ್ಲಿದೆ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ತೇವದಲ್ಲಿ ತಗಡಿನ ಶೆಡ್ಡಿನಲ್ಲಿ ಅದಕ್ಕಿಂತ ಬೇಗ ಉಂಡೆ ಕಟ್ಟುತ್ತದೆ. ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ, ಹತ್ತು ಚೀಲಕ್ಕಿಂತ ಎತ್ತರ ಹೋಗದ ಹಾಗೆ ಇಟ್ಟರೂ ಅಷ್ಟೇ. ಸೆಂಟ್ರಿಂಗ್ ಆಗುವ ದಿನ ಖಚಿತವಾಗದೆ ಸ್ಲಾಬಿನ ಸಿಮೆಂಟ್ ತರಿಸಬಾರದು. ರೇಟ್ ಏರುತ್ತದೆ ಅಂತ ಅಂಗಡಿಯವರು ಪ್ರತಿ ವರ್ಷವೂ ಹೇಳುತ್ತಾರೆ.

ರೆಡಿಮಿಕ್ಸ್ ಬಂದ ಮೇಲೆ ಈ ಸಮಸ್ಯೆ ಸ್ವಲ್ಪ ಕಡಿಮೆಯಾಗಿದೆ. ಅದರ ಬದಲಿಗೆ ಇನ್ನೊಂದು ಬಂತು. ಕಲಸಿದ ಎರಡು ಗಂಟೆಯೊಳಗೆ ಇಳಿಸಬೇಕು ಅಂತ ಭಾರತೀಯ ಮಾನಕ ಐಎಸ್ 4926ರ ನಿಯಮ. ಪೆರ್ಲದ ತಿರುವುಗಳಲ್ಲಿ ಮಿಕ್ಸರ್ ಲಾರಿ ಏರಿ ಬರುವಾಗ ಅದರಲ್ಲಿ ಸಾಕಷ್ಟು ಸಮಯ ಹೋಗಿರುತ್ತದೆ. ಕಡಿಮೆ ಬೀಳಬಾರದು ಅಂತ ಅರ್ಧ ಘನ ಮೀಟರ್ ಹೆಚ್ಚೇ ಹೇಳುತ್ತೇವೆ. ಉಳಿದದ್ದು ತೋಡಿನ ಬದಿಗೆ ಸುರಿಯುವುದು ನೋಡಲಿಕ್ಕಾಗುವುದಿಲ್ಲ. ಈಗ ಸ್ಲಾಬ್ ದಿನ ಬೆಳಿಗ್ಗೆಯೇ ಅಚ್ಚು ಸಿದ್ಧ ಇಡುತ್ತೇವೆ. ಚರಂಡಿ ಮುಚ್ಚುವ ಹಲಗೆ, ಕವರ್ ಬ್ಲಾಕ್, ಬಟ್ಟೆ ಒಗೆಯುವ ಕಲ್ಲು, ತೋಟದ ಬೇಲಿಗೆ ಕಂಬ. ಅಚ್ಚು ಮೊದಲೇ ಇದ್ದರೆ ಮಾತ್ರ ಇದು ನಡೆಯುತ್ತದೆ. ಕಾಂಕ್ರೀಟ್ ಉಳಿದ ಮೇಲೆ ಹಲಗೆ ಹುಡುಕಲು ಹೋದವರು ಖಾಲಿ ಕೈಯಲ್ಲೇ ಬರುತ್ತಾರೆ.

ಕಸದ ಕಾನೂನು ನಮ್ಮಂಥ ಸಣ್ಣ ಸೈಟುಗಳನ್ನು ಹೆಚ್ಚು ಮುಟ್ಟುವುದಿಲ್ಲ. 2016ರ ಕಟ್ಟಡ ತ್ಯಾಜ್ಯ ನಿಯಮಗಳಲ್ಲಿ ದಿನಕ್ಕೆ 20 ಟನ್ ಅಥವಾ ತಿಂಗಳಿಗೆ ಒಂದು ಪ್ರಾಜೆಕ್ಟಿನಿಂದ 300 ಟನ್ ಮೀರಿದವರಿಗೆ ಬೇರ್ಪಡಿಸಿ ಕೊಡುವ, ಯೋಜನೆ ಸಲ್ಲಿಸುವ ಹೊಣೆ ಇತ್ತು. ಒಂದು ಮನೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಒಡೆದ ಕಾಂಕ್ರೀಟಿನ ಜಲ್ಲಿಯನ್ನು ಎಂ25 ದರ್ಜೆಯ ತನಕದ, ಕಂಬಿ ಹಾಕಿದ ಕಾಂಕ್ರೀಟಿಗೆ 20 ಶೇಕಡಾವರೆಗೆ ಬಳಸಬಹುದು ಅಂತ ಐಎಸ್ 383 ಕೂಡ 2016ರಲ್ಲಿ ಒಪ್ಪಿತು. ನಮ್ಮ ಊರಿನ ಯಾವ ಮೇಸ್ತ್ರಿಯೂ ಅದಕ್ಕೆ ಒಪ್ಪುವುದನ್ನು ನಾನು ನೋಡಿಲ್ಲ. ಹಳೆ ಸಾಮಾನಿನ ಬಗ್ಗೆ ಮಾತ್ರ ಊರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೆದ್ದಾರಿ 66 ಅನ್ನು 45 ಮೀಟರ್ ಅಗಲ ಮಾಡಲು ರಸ್ತೆ ಬದಿಯ ಕಟ್ಟಡಗಳು ಬಿದ್ದಾಗ ಕೆಂಪುಕಲ್ಲು, ಹಂಚು, ಹಲಸಿನ ದಾರಂದ ಎಲ್ಲವೂ ಕೈಯಿಂದ ಕೈಗೆ ಹೋಯಿತು. ಹಳೆ ಮಂಗಳೂರು ಹಂಚಿಗೆ ಈಗಲೂ ಗಿರಾಕಿ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಗೋಡೆಯ ಸಾರಣೆಯ ವಿಷಯ ಬಗೆಹರಿದಿಲ್ಲ. ಅದರ ಬೇರು ಇರುವುದು ಕರಾರಿನಲ್ಲಿ. ನಮ್ಮ ಕಡೆ ಹೆಚ್ಚಿನ ಮನೆ ಲೇಬರ್ ಕಂಟ್ರಾಕ್ಟಿನದ್ದು. ಸಾಮಾನು ಮಾಲೀಕರದ್ದು, ಕೆಲಸ ಮೇಸ್ತ್ರಿಯದ್ದು. ಕಲ್ಲಿಗೆ ಇಷ್ಟು ಅಂತ ಕೂಲಿ. ಹಾಗಿದ್ದರೆ ಮೇಸ್ತ್ರಿ ಉಳಿಸುವುದು ತನ್ನ ಸಮಯವನ್ನು. ಎರಡು ಬದಿಗೂ ನೂಲು ಹಿಡಿದು, ದಪ್ಪ ನೋಡಿ ಕಲ್ಲು ಆರಿಸಿ ಇಟ್ಟರೆ ಅವರಿಗೆ ದಿನಕ್ಕೆ ಕಲ್ಲು ಕಡಿಮೆ ಆಗುತ್ತದೆ, ಉಳಿಯುವ ಸಿಮೆಂಟ್ ಬೇರೆಯವರದ್ದು. ಸಾಮಾನು ಸಮೇತ ಕಂಟ್ರಾಕ್ಟ್ ಆದರೆ ಇದು ಉಲ್ಟಾ. ಸಿಮೆಂಟ್ ಚೆನ್ನಾಗಿಯೇ ಉಳಿಯುತ್ತದೆ, ಕೆಲವೊಮ್ಮೆ ಉಳಿಯಬಾರದ ಕಡೆಯೂ ಉಳಿಯುತ್ತದೆ.

ಮಳೆ ಬಿಟ್ಟ ಮೇಲೆ ನೀರ್ಚಾಲಿನ ಹತ್ತಿರ ಶುರುವಾಗುವ ಒಂದು ಮನೆಗೆ ಹೊಸ ತರ ಕರಾರು ಬರೆಯಲು ಹೊರಟಿದ್ದೇವೆ. ಗೋಡೆ ಕಟ್ಟುವವರೇ ಸಾರಣೆಯನ್ನೂ ಮಾಡಬೇಕು. ಸಾರಣೆಗೆ ಮೊದಲು ಪ್ರತಿ ಗೋಡೆಗೆ ತೂಗುಗುಂಡು ಬಿಟ್ಟು ಅಳತೆ ಬರೆಯಬೇಕು. ಒಳಬದಿ 15 ಮಿ.ಮೀ. ಒಳಗೆ ನಿಂತರೆ ಕಲ್ಲಿಗೆ ಇಷ್ಟು ಅಂತ ಹೆಚ್ಚುವರಿ. ಚದರ ಮೀಟರಿಗೆ ಹನ್ನೆರಡೂವರೆ ಕಲ್ಲು ಹಿಡಿದರೆ 100 ಚದರ ಮೀಟರಿಗೆ 1,250 ಕಲ್ಲು. ಮೇಸ್ತ್ರಿ ಕಲ್ಲಿಗೆ ಎರಡು ರೂಪಾಯಿ ಜಾಸ್ತಿ ಕೇಳುತ್ತಿದ್ದಾರೆ, 2,500 ರೂಪಾಯಿ ಆಗುತ್ತದೆ. ಉಳಿಯುವ ಸಿಮೆಂಟ್ ಮತ್ತು ಎಂ-ಸ್ಯಾಂಡ್ ಸೇರಿಸಿದರೆ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮಾಲೀಕರು ಒಂದು ರೂಪಾಯಿಯಿಂದ ಮೇಲೆ ಹೋಗುತ್ತಿಲ್ಲ. ಒಂದೂವರೆಗೆ ಇಬ್ಬರೂ ಒಪ್ಪಬಹುದು ಅಂತ ನನ್ನ ಲೆಕ್ಕ, ಆದರೆ ಮೇಸ್ತ್ರಿ ಇನ್ನೂ ಒಂದು ಷರತ್ತು ಹಾಕಿದ್ದಾರೆ. ಗೋಡೆಗೆ ಮೊಳೆ ಚುಚ್ಚಲು ಯಾರೂ ಬರಬಾರದಂತೆ.